ಹಿಂದಿನವರು ಮುಂದ ಬರ್ರಿ

ಗೋಡೆಗೆ ಒರಗಿಸಿದ ಸುಗಲಮ್ಮನ ಬೆನ್ನ ಹಿಂದೆ ಅಂಬುಬಾಯಿ ಎರಡನೆಯ ದಿಂಬನ್ನು ತುರುಕುತ್ತಿದ್ದಾಗ ಹರ್ಷದಾ ಬಾಗಿಲು ದೂಡಿಕೊಂಡು ಒಳಗೆ ಬಂದಳು. ಅವಳ ಕೈಯಲ್ಲಿ ಬೀದಿಯ ಕೊನೆಯ ಡಾಕ್ಟರು ಬರೆದುಕೊಟ್ಟ ಮರಣದ ಚೀಟಿ ಇತ್ತು. ಅದನ್ನು ತರಲು ಹೋದಾಗ ಅವ್ವ ಮಂಚದ ಮೇಲೆ ಮಲಗಿದ್ದಳು. ಈಗ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು ಕೂತಿದ್ದಳು. ಮೈ ಮುಂದಕ್ಕೆ ಬಾಗದಿರಲೆಂದು ಎದೆಗೆ ಅಡ್ಡಲಾಗಿ ಒಂದು ಬಿಳಿ ಧೋತರವನ್ನು ಸುತ್ತಿ ಕಿಟಕಿಯ ಸರಳಿಗೆ ಕಟ್ಟಲಾಗಿತ್ತು.

"ಅತ್ತೀ, ಇದೇನ ಮಾಡಿದ್ರಿ?"

"ಮಾಡಬೇಕಾದ್ದ ಮಾಡೀನಿ. ಮೈ ಸೆಟದ ಮ್ಯಾಲೆ ಕೂಡಸಾಕ ಬರ್ತೈತೇನು? ನಿನ್ನ ದಾರಿ ಕಾಯ್ಕೋತ ಕುಂತಿದ್ರ ನಿಮ್ಮವ್ವ ಕಟಗಿ ಆಗಿರ್ತಿದ್ಲು."

ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಕೂಡಿಸಿ, ಪೂಜೆ ಮಾಡಿ, ಕೂತಂತೆಯೇ ಹೊತ್ತು, ಕೂತಂತೆಯೇ ಮಣ್ಣಿಗಿಡುತ್ತಾರೆ. ಅಂಗೈಯಲ್ಲಿ ಅವರ ಇಷ್ಟಲಿಂಗವನ್ನಿಟ್ಟು ಮುಷ್ಟಿ ಮುಚ್ಚುತ್ತಾರೆ. ಅಂಬುಬಾಯಿ ಗಂಡನನ್ನು, ಅತ್ತೆಯನ್ನು, ತನ್ನ ತಾಯಿಯನ್ನು ಹೀಗೇ ಕೂಡಿಸಿ ಕಳಿಸಿದವಳು. ಅವಳ ಕೈಗೆ ಈ ಕೆಲಸ ರೊಟ್ಟಿ ಬಡಿದಷ್ಟು ರೂಢಿಯಾಗಿತ್ತು.

"ಅವ್ವ ಏನ ಹೇಳಿದ್ಲು ನಿಮಗ ಗೊತ್ತಿಲ್ಲೇನ್ರಿ? ಸತ್ತ ಮ್ಯಾಲೆ ಮೆಡಿಕಲ್ ಕಾಲೇಜಿಗೆ ಕೊಡ್ರಿ ಅಂದಿದ್ಲು. ಅವ್ವನ ಶಿಷ್ಯ ಮಲ್ಲೂಗ ಫೋನ್ ಮಾಡೀನಿ, ಗಾಡಿ ತರಾಕತ್ತಾನ."

"ತರ್ಲಿ. ತಂದ ಗಾಡಿ ಖಾಲಿ ಹೋಗ್ತೈತಿ. ಈ ಮನಿ ಹೆಣ್ಮಗಳು ಮಣ್ಣಿಗೆ ಹೋಗ್ತಾಳ, ಕೊಯ್ಯೂ ಮೇಜಿಗೆ ಹೋಗೂದಿಲ್ಲ."

"ಹೋಗ್ತಾಳ್ರಿ ಅತ್ತಿ."

"ಹೆಂಗ ಹೋಗ್ತಾಳೋ ನಾನೂ ನೋಡ್ತೀನಿ."

ಹಟದಲ್ಲಿ ಹರ್ಷದಾ ಹೋಲುತ್ತಿದ್ದುದು ಅವ್ವನನ್ನಲ್ಲ, ಈ ಸೋದರತ್ತೆಯನ್ನೇ. ಅದು ಅವರಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ, ಮಲ್ಕಾಜ್‌ಗಿರಿಯ ಆ ಓಣಿಗೆಲ್ಲ ಗೊತ್ತಿತ್ತು.

ಹೊರಗೆ ಕಟ್ಟೆಯ ಮೇಲೆ ಬಸವರಾಜ ಕೂತಿದ್ದ. ಸತ್ತವಳ ಗಂಡ, ಅಂಬುಬಾಯಿಯ ತಮ್ಮ, ಹರ್ಷದಾಳ ಅಪ್ಪ. ಒಳಗಿನ ಮಾತು ಅವನಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಸುಗಲಮ್ಮ ಬದುಕಿರುವಾಗಲೇ ಕಾಲೇಜಿಗೆ ಒಪ್ಪಿಗೆ ಬರೆದುಕೊಟ್ಟಿದ್ದಳು ನಿಜ. ಆದರೆ ಮನೆಯವರು ಒಲ್ಲೆವೆಂದರೆ ಕಾಲೇಜಿನವರು ಹೆಣ ಮುಟ್ಟುವುದಿಲ್ಲ. ಗಂಡನಾದವನು ಬಾಯಿಬಿಟ್ಟು ಹೂಂ ಅನ್ನಬೇಕು. ಬಸವರಾಜ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತನಾದವನು. ಡ್ಯೂಟಿಯ ಮೇಲೆ ಎಷ್ಟೋ ಗಾಡಿಗಳಿಗೆ ಹಸಿರು ತೋರಿಸಿದ್ದನೇ ಹೊರತು ಮನೆಯಲ್ಲಿ ಒಂದು ಪರದೆಯ ಬಣ್ಣವನ್ನೂ ಅವನು ಆರಿಸಿದ್ದಿಲ್ಲ. ಒಂದು ಕಡೆ ಅಕ್ಕ, ಇನ್ನೊಂದು ಕಡೆ ಮಗಳು. ಅತ್ತ ದರಿ, ಇತ್ತ ಪುಲಿ. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ.

*

ಸುಗಲಮ್ಮ ಲಿಂಗಸುಗೂರಿನ ಕಡೆಯವಳು. ಮದುವೆಯಾಗಿ ಬಂದ ಮೇಲೆ ನಾರಾಯಣಗೂಡದ ಒಂದು ಜೂನಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಕೆಲಸ ಹಿಡಿದಳು. ಮೊಟ್ಟೆಯ ವಾಸನೆಗೂ ಮೂಗು ಮುಚ್ಚುವ ಮನೆಯ ಸೊಸೆ ಕಪ್ಪೆ ಕೊಯ್ದು ಸಂಬಳ ತರುತ್ತಾಳೆ ಎಂಬುದು ಬಳಗದ ಬಾಯಿಗೆ ಬಹಳ ದಿನ ಎಲೆಯಡಿಕೆಯಾಗಿತ್ತು. ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದ್ದ ಅಂಬುಬಾಯಿ ಎಲ್ಲರಿಗಿಂತ ಹೆಚ್ಚು ಬೈಯುತ್ತಿದ್ದಳು. ಬೈಯುತ್ತಲೇ ಸಂಜೆಯ ಹೊತ್ತಿಗೆ ಹಿತ್ತಲ ಬಚ್ಚಲಲ್ಲಿ ಹಂಡೆ ತುಂಬ ನೀರು ಕಾಯಿಸಿಟ್ಟಿರುತ್ತಿದ್ದಳು. ಸುಗಲಮ್ಮ ಹಿತ್ತಲ ಬಾಗಿಲಿನಿಂದ ಬಂದು, ಮಿಂದು, ಲಿಂಗಪೂಜೆ ಮಾಡಿಕೊಂಡು ಅಡಿಗೆಮನೆಗೆ ಬರುತ್ತಿದ್ದಳು. ಒಂದು ದಿನವೂ ಆ ನೀರು ತಣ್ಣಗಿದ್ದದ್ದಿಲ್ಲ.

ಅವಳ ಪಾಠ ಶುರುವಾಗುತ್ತಿದ್ದುದು ಒಂದೇ ಮಾತಿನಿಂದ: "ಹಿಂದಿನವರು ಮುಂದ ಬರ್ರಿ." ಪಾಠ ತೆಲುಗಿನಲ್ಲಿ, ಬೈಗುಳ ಹಿಂದಿಯಲ್ಲಿ, ಆದರೆ ಈ ಮಾತು ಮಾತ್ರ ಯಾವಾಗಲೂ ಕನ್ನಡದಲ್ಲಿ. ಕನ್ನಡದ ಗಂಧವಿಲ್ಲದ ವಾರಂಗಲ್ಲಿನ ಹುಡುಗರೂ ಅದು ಕಿವಿಗೆ ಬಿದ್ದೊಡನೆ ಹಿಂದಿನ ಬೆಂಚು ಬಿಟ್ಟು ಮುಂದೆ ಬಂದು ನೆಲದ ಮೇಲೆ ಕೂಡುತ್ತಿದ್ದರು. ಹಿಂದೆ ಕೂತವರು ಯಾರು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಣ್ಣ ಊರುಗಳಿಂದ ಬಂದವರು, ಹತ್ತನೆಯವರೆಗೆ ತೆಲುಗಿನಲ್ಲೋ ಉರ್ದುವಿನಲ್ಲೋ ಕನ್ನಡದಲ್ಲೋ ಓದಿದವರು, ಇಂಗ್ಲಿಷ್ ಶಬ್ದ ಕಂಡರೆ ಹಾವು ಕಂಡವರಂತೆ ಹಿಂದೆ ಸರಿಯುವವರು.

ಮಲ್ಲು ಅಂಥವನೇ. ನಾರಾಯಣಪೇಟೆಯ ನೇಕಾರರ ಹುಡುಗ, ಡಾಕ್ಟರಾಗಬೇಕೆಂದು ಬಂದವನು. ಪ್ರಾಣಿಶಾಸ್ತ್ರದ ಪುಸ್ತಕ ತೆರೆದರೆ ಸಾಲಿಗೆ ನಾಲ್ಕು ಗೊತ್ತಿಲ್ಲದ ಶಬ್ದ. ಬಾಯಿಪಾಠ ಮಾಡಿದ್ದು ಬೆಳಗಾಗುವಷ್ಟರಲ್ಲಿ ಹಾರಿಹೋಗುತ್ತಿತ್ತು. ಒಂದು ದಿನ ಟ್ರಂಕು ಕಟ್ಟಿಕೊಂಡು ಊರಿಗೆ ಹೊರಟವನನ್ನು ಸುಗಲಮ್ಮ ಕಾಲೇಜಿನ ಮೆಟ್ಟಿಲ ಮೇಲೆ ತಡೆದಳು.

"ಯಾವ ಶಬ್ದ ನಿನ್ನ ಹೆದರಸಾಕತ್ತೈತಿ? ಒಂದ ಹೇಳು."

"ರೂಮಿನಂಟ್, ಮೇಡಂ."

"ಮನ್ಯಾಗ ಆಡು ಅದಾವೇನು?"

"ಅದಾವ್ರಿ."

"ಮಧ್ಯಾಹ್ನ ನೆರಳಾಗ ಮಕ್ಕೊಂಡು ಏನ ಮಾಡ್ತಾವು?"

"ಮೆಲಕ ಹಾಕ್ತಾವ್ರಿ."

"ಅದ ರೂಮಿನಂಟ್. ಮೆಲಕ ಹಾಕೂ ಪ್ರಾಣಿ. ಪ್ರಾಣಿ ನಿನ್ನ ಹಂತ್ಯಾಕ ಐತಿ, ಅವರ ಹಂತ್ಯಾಕ ಬರೇ ಹೆಸರೈತಿ. ಶ್ರೀಮಂತ ಯಾರು? ನೀ. ಆ ಹೆಸರು ತಂದು ಆಡಿನ ಕೊಳ್ಳಾಗ ಗಂಟಿ ಕಟ್ಟಿದ್ಹಾಂಗ ಕಟ್ಟು. ಎಲ್ಲಿ ಹೋಗ್ತೈತಿ?"

ಮಲ್ಲು ಟ್ರಂಕು ಹೊತ್ತುಕೊಂಡು ಹಾಸ್ಟೆಲ್ಲಿಗೆ ವಾಪಸಾದ.

ಮುಟ್ಟದ ಶಬ್ದ ನಿಲ್ಲುವುದಿಲ್ಲ ಎಂಬುದು ಅವಳ ನಂಬಿಕೆ. ವರ್ಟಿಬ್ರೇಟ್ ಎಂದರೆ ಬೆನ್ನೆಲುಬುಳ್ಳದ್ದು; ಹಾಗಾದರೆ ಬೆನ್ನಿಗೆ ಕೈ ಹಾಕಿ ಮಣಿಮಣಿಯಾಗಿ ಎಣಿಸು. ಕಾರ್ನಿವೋರ್‌ಗೆ ಹರಿಯುವ ಹಲ್ಲು, ಹರ್ಬಿವೋರ್‌ಗೆ ಅರೆಯುವ ಹಲ್ಲು. ನಾಲಗೆಯಿಂದ ನಿನ್ನ ಹಲ್ಲು ಮುಟ್ಟಿ ನೋಡು, ನೀನು ಯಾರು? ಎರಡೂ ಇವೆ ಮೇಡಂ ಎಂದರೆ, ಓಮ್ನಿವೋರ್ ಎನ್ನುತ್ತಿದ್ದಳು. "ನಂದೂ ಹಲ್ಲು ಓಮ್ನಿವೋರ್, ಮನಿ ಹರ್ಬಿವೋರ್" ಎಂದು ನಗುತ್ತಿದ್ದಳು.

ಮೀನಿನ ಗಿಲ್ಸ್ ಎಂಬುದು ಯಾರಿಗೂ ತಲೆಗೆ ಹೋಗದಿದ್ದಾಗ ಅವಳು ಇಡೀ ತರಗತಿಯನ್ನು ಬೇಗಂ ಬಜಾರಿನ ಮೀನು ಮಾರ್ಕೆಟ್ಟಿಗೆ ಕರೆದೊಯ್ದಳು. ಮೂಗಿಗೆ ಸೆರಗು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮೀನಿನ ಕೆನ್ನೆಯ ಮುಚ್ಚಳ ಎತ್ತಿ ಒಳಗಿನ ಕೆಂಪು ಪದರುಗಳನ್ನು ತೋರಿಸಿದಳು. ನೀರಿನಲ್ಲಿನ ಗಾಳಿಯನ್ನು ಸೋಸಿಕೊಳ್ಳುವುದು ಇದೇ, ಎಲ್ಲರೂ ಮುಟ್ಟಿರಿ ಎಂದಳು. ಆ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಆ ಸಂಜೆ ಅಂಬುಬಾಯಿ ಮಾತಾಡಲಿಲ್ಲ. ಆದರೆ ಹಿತ್ತಲಲ್ಲಿ ಒಂದರ ಬದಲು ಎರಡು ಹಂಡೆ ನೀರು ಕಾದಿತ್ತು, ಪಕ್ಕದಲ್ಲಿ ಸೀಗೆಪುಡಿ ಇತ್ತು.

*

ಹೊತ್ತು ಏರಿದಂತೆ ಜನ ಸೇರಿದರು. ಓಣಿಯ ರೈಲ್ವೆಯವರು, ಸುಗಲಮ್ಮನ ಕಾಲೇಜಿನವರು, ಹಳೆಯ ವಿದ್ಯಾರ್ಥಿಗಳು. ಎದುರು ಮನೆಯ ಗದಿಗೆಮ್ಮ ಚಹಾ ಮಾಡಿ ತಂದು ಎಲ್ಲರಿಗೂ ಹಂಚಿದಳು. ಅಂಬುಬಾಯಿಯ ಹೇಳಿಕೆಯಂತೆ ಒಂದು ಕೈಕುರ್ಚಿಗೆ ಎರಡು ಬಿದಿರು ಬಿಗಿದು, ಬಾಳೆಯ ದಿಂಡು, ಚೆಂಡುಹೂವು ಕಟ್ಟುವ ಕೆಲಸ ಅಂಗಳದಲ್ಲಿ ನಡೆದಿತ್ತು. ಸತ್ತವಳನ್ನು ಅದರಲ್ಲಿ ಕೂಡಿಸಿ ರುದ್ರಭೂಮಿಗೆ ಒಯ್ಯುವುದು. ಅದೇ ಅಂಗಳದ ಇನ್ನೊಂದು ಮೂಲೆಯಲ್ಲಿ ಹರ್ಷದಾ ಫೋನ್ ಹಿಡಿದು ಮೆಡಿಕಲ್ ಕಾಲೇಜಿನವರೊಂದಿಗೆ ಮಾತಾಡುತ್ತಿದ್ದಳು. ಒಂದೇ ಹೆಣಕ್ಕೆ ಎರಡು ಮೆರವಣಿಗೆಯ ಸಿದ್ಧತೆ.

"ಮೇಡಂಗಾರು ಹೇಳಿದ್ದರಂತಲ್ಲ, ಬಾಡಿ ಡೊನೇಷನ್ ಅಂತ," ಎಂದರು ಕಾಲೇಜಿನವರೊಬ್ಬರು.

"ಹೇಳಿದ್ಲಂತ್ರಿ," ಎಂದಳು ಗದಿಗೆಮ್ಮ. "ನಾವೆಲ್ಲ ಸಾಯೂ ಮುಂಚೆ ಭಾಳ ಹೇಳಿರ್ತೀವಿ. ಕೇಳವ್ರು ಯಾರು?"

ಪೂಜೆಗೆ ಬಂದ ಅಯ್ಯನವರು ಬಾಗಿಲಲ್ಲೇ ಸಂಗತಿ ತಿಳಿದು ನಿಂತರು. ವಯಸ್ಸಾದವರು, ಇಂಥ ಮನೆಗಳನ್ನು ಬಹಳ ನೋಡಿದವರು.

"ಅಯ್ಯನವ್ರ, ನೀವ ಹೇಳ್ರಿ. ಮಣ್ಣು ಕೊಡದ ಲಿಂಗವಂತರು ಇದ್ದಾರೇನು?" ಎಂದು ಅಂಬುಬಾಯಿ ಕೇಳಿದಳು.

"ಇಲ್ಲಂತ ಹೇಳಾಕ ಬರೂದಿಲ್ಲವ್ವ. ನಮ್ಮ ಮಠದ ಹಿರೇರು ಒಬ್ಬರು ದವಾಖಾನಿಗೆ ಕಣ್ಣು ಕೊಟ್ಟು ಹೋದ್ರು. ಪೂಜಿ ನಾ ಮಾಡ್ತೀನಿ. ಜಗಳ ನೀವು ಮುಗಸ್ರಿ."

"ಕಣ್ಣು ಬ್ಯಾರೆ, ಇಡೀ ಮೈ ಬ್ಯಾರೆ. ಮೈ ಹೋದ್ರ ಆಕಿ ಲಿಂಗ ಯಾರ ಕೈಯಾಗ ಇರ್ತೈತ್ರಿ?"

ಅಯ್ಯನವರು ಚಾಪೆಯ ಮೇಲೆ ಕೂತು ಬಿಲ್ವಪತ್ರಿ ಬಿಡಿಸತೊಡಗಿದರು.

*

ದೇಹ ಕೊಡುವ ಮಾತು ಮೊದಲು ಬಂದದ್ದು ವರ್ಷಗಳ ಹಿಂದೆ, ಒಂದು ಊಟದ ಹೊತ್ತಿನಲ್ಲಿ. ಮಲ್ಲುವಿಗೆ ಆಗಷ್ಟೇ ಮೆಡಿಕಲ್ ಸೀಟು ಸಿಕ್ಕಿ, ಮೊದಲ ವರ್ಷದ ರಜೆಯಲ್ಲಿ ಮೇಡಂ ಮನೆಗೆ ಬಂದಿದ್ದ. ಸುಗಲಮ್ಮ ಅವನಿಗೆ ಜೋಳದ ರೊಟ್ಟಿ, ಎಣಗಾಯಿ ಬಡಿಸಿ, ಅಲ್ಲಿ ಹೇಗೆ ಕಲಿಸುತ್ತಾರೆ ಎಂದು ಕೇಳಿದಳು.

"ಹೆಣ ಕಮ್ಮಿ ಮೇಡಂ. ಒಂದು ಮೇಜಿನ ಸುತ್ತ ಭಾಳ ಮಂದಿ ನಿಂತಿರ್ತೀವಿ. ಮುಂದಿದ್ದವರು ಮುಟ್ಟಿ ನೋಡ್ತಾರ. ಹಿಂದಿದ್ದವರು ರಾತ್ರಿ ಬುಕ್‌ನಾಗ ಚಿತ್ರ ನೋಡ್ಕೋತೀವಿ."

"ಹಿಂದಿದ್ದವರು ಮುಟ್ಟೂದ ಇಲ್ಲ?"

"ಇಲ್ರಿ."

"ನೀ ಎಲ್ಲಿ ನಿಂತಿರ್ತಿ?"

ಮಲ್ಲು ತಲೆ ತಗ್ಗಿಸಿದ. ಸುಗಲಮ್ಮನಿಗೆ ಸಿಟ್ಟು ಬಂತು. ಅವನ ಮೇಲಲ್ಲ, ಆ ಮೇಜಿನ ಮೇಲೆ, ಅದರ ಸುತ್ತ ಜಾಗ ಇಲ್ಲದ್ದಕ್ಕೆ. ಎಷ್ಟು ಕಷ್ಟಪಟ್ಟು ಮುಂದೆ ತಂದು ಕೂಡಿಸಿದ ಹುಡುಗ ಮತ್ತೆ ಹಿಂದೆ ಹೋಗಿ ನಿಂತಿದ್ದ. ಆಮೇಲೆ ಪಲ್ಯೆ ಬೇಕೇನು ಎಂದು ಕೇಳಿದಷ್ಟೇ ಸರಳವಾಗಿ, "ಹಂಗಾದ್ರ ನಾ ಸತ್ತ ಮ್ಯಾಲೆ ನಂದು ಕೊಟ್ಟಬಿಡ್ರಿ. ಒಂದು ಮೇಜು ಹೆಚ್ಚಾಗ್ತೈತಿ," ಎಂದಳು.

ಅಂಬುಬಾಯಿ ತಾಟು ಬಿಟ್ಟು ಎದ್ದುಹೋದಳು.

ಸುಗಲಮ್ಮ ಗಂಡನ ಕಡೆ ತಿರುಗಿದಳು. "ಗಾರ್ಡ್‌ಸಾಹೇಬ್ರ, ನೀವು ಹೂಂ ಅಂದ್ರಷ್ಟ ನನ್ನ ಗಾಡಿ ಬಿಡ್ತೈತಿ. ಏನಂತೀರಿ?"

"ನೋಡೂಣು ತಗೊ," ಎಂದ ಬಸವರಾಜ.

ಆಮೇಲೆ ವರ್ಷಕ್ಕೊಮ್ಮೆಯಾದರೂ ಅವಳು ಕೇಳುತ್ತಿದ್ದಳು. ಅವನು ನೋಡೂಣು ಎನ್ನುತ್ತಿದ್ದ. ಹೆಂಡತಿಗಿಂತ ತಾನೇ ಮೊದಲು ಹೋಗುತ್ತೇನೆ, ಈ ಹೂಂ ಅನ್ನುವ ಪ್ರಸಂಗ ತನಗೆ ಬಾರದು ಎಂದು ಅವನು ನಂಬಿಕೊಂಡಿದ್ದ.

*

ಮಧ್ಯಾಹ್ನಕ್ಕೆ ಬಿಳಿಯ ವ್ಯಾನು ಓಣಿಗೆ ಬಂತು. ಡ್ರೈವರನ ಪಕ್ಕದಿಂದ ಮಲ್ಲು ಇಳಿದ. ಈಗ ಅವನೇ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆ ಕಲಿಸುವ ಡಾಕ್ಟರು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು, ಕೂತಿದ್ದ ಮೇಡಂನನ್ನು ನೋಡಿ, ಮೊಣಕಾಲೂರಿ ಪಾದಕ್ಕೆ ಹಣೆ ಹಚ್ಚಿದ. ಎದ್ದಾಗ ಕಣ್ಣು ತೇವವಾಗಿದ್ದವು. ಅದನ್ನು ಅವನು ಮುಚ್ಚಿಕೊಳ್ಳಲಿಲ್ಲ.

ಅಂಗಳಕ್ಕೆ ಬಂದು ಬಸವರಾಜನ ಎದುರು ನಿಂತ. "ಸರ್, ನೀವು ಹೇಳಬೇಕ್ರಿ. ಬ್ಯಾಡ ಅಂದ್ರ ನಾ ಗಾಡಿ ತಿರಗಸ್ತೀನಿ. ಮೇಡಂಗ ಮಣ್ಣು ಕೊಡಾಕ ನಾನೂ ಹೆಗಲು ಕೊಡ್ತೀನಿ."

ಎಲ್ಲರ ಕಣ್ಣೂ ಬಸವರಾಜನ ಮೇಲೆ ಬಿದ್ದವು. ಅವನು ಅಕ್ಕನನ್ನು ನೋಡಿದ, ಮಗಳನ್ನು ನೋಡಿದ. ಅಂಬುಬಾಯಿ ಬಾಗಿಲಲ್ಲಿ ನಿಂತಿದ್ದಳು. ಹರ್ಷದಾ ಗೋಗರೆಯಲಿಲ್ಲ.

"ಅಪ್ಪಾ, ಅವ್ವ ಕೇಳಿದ್ದು ನಿನ್ನ. ನನ್ನಲ್ಲ, ಅತ್ತೀನಲ್ಲ. ನೀ ಏನ ಹೇಳ್ತಿ ಅದ ಆಗ್ಲಿ. ಆದ್ರ ನೋಡೂಣು ಅನಬ್ಯಾಡ," ಎಂದಳಷ್ಟೆ.

ಬಸವರಾಜ ಎದ್ದು ಒಳಗೆ ಹೋದ. ಹೆಂಡತಿಯ ಎದುರು, ನೆಲದ ಮೇಲೆ, ಅವಳ ಹಾಗೆಯೇ ಚಕ್ಕಳಮಕ್ಕಳ ಹಾಕಿಕೊಂಡು ಕೂತ. ಊಟಕ್ಕೆ ಕೂತವರ ಹಾಗೆ ಇಬ್ಬರೂ ಎದುರುಬದುರಾದರು. ವಿಭೂತಿಯ ಕೆಳಗೆ ಅವಳ ಹುಬ್ಬುಗಳ ನಡುವಿನ ಗೆರೆ ಹಾಗೇ ಇತ್ತು. ಯಾರಾದರೂ ಉತ್ತರ ಹೇಳಲು ತಡಮಾಡಿದರೆ ಮೂಡುತ್ತಿದ್ದ ಗೆರೆ ಅದು.

"ನೋಡೂಣು ಅಂದಿದ್ನಲ್ಲ ಸುಗಲಾ," ಎಂದ. "ನೋಡಿದೆ. ಹೂಂ."

ಆಮೇಲೆ ತಲೆ ಎತ್ತಿ ಅಕ್ಕನಿಗೆ, "ಅಕ್ಕಾ, ಆಕಿ ಹೇಳಿದ್ಹಂಗ ಆಗ್ಲಿ. ನಾ ಒಪ್ಪೀನಿ," ಎಂದ. ಬುದ್ಧಿ ಬಂದಾಗಿನಿಂದ ಅವನು ಅಂಬುಬಾಯಿಗೆ ಎದುರಾಡಿದ್ದು ಇದೇ ಮೊದಲು.

"ಆತು. ಗಂಡ ನೀ, ನೀ ಹೇಳಿದಿ. ನನ್ನದೇನೈತಿ?"

ಡ್ರೈವರನೂ ಇನ್ನೊಬ್ಬನೂ ಸ್ಟ್ರೆಚರ್ ತಂದರು. ಕಿಟಕಿಗೆ ಕಟ್ಟಿದ್ದ ಧೋತರ ಬಿಚ್ಚಿದರು. ದೇಹ ಅಲುಗಲಿಲ್ಲ, ಕೂತ ಹಾಗೆಯೇ ಇತ್ತು. ಬೆಳಗಿನಿಂದ ಮೈ ಪೂರ್ತಿ ಸೆಟೆದುಕೊಂಡಿತ್ತು. ಮಲಗಿಸಲು ನೋಡಿದರೆ ಮಡಿಸಿದ ಕಾಲುಗಳು ಮೇಲೆದ್ದು ನಿಲ್ಲುತ್ತವೆ, ಸ್ಟ್ರೆಚರಿನಲ್ಲಿ ಹಿಡಿಸುವುದಿಲ್ಲ. ಡ್ರೈವರ್ ಹಿಂದಿಯಲ್ಲಿ, "ಸೀಧಾ ಕರ್ನಾ ಪಡೇಗಾ ಸಾಬ್," ಎಂದು ಕಾಲು ನೆಟ್ಟಗೆ ಮಾಡಲು ಮೊಣಕಾಲಿಗೆ ಕೈ ಹಾಕಿದ.

"ಕೈ ತಗಿ," ಎಂದಳು ಅಂಬುಬಾಯಿ. ಅವಳು ಬಂದು ಸುಗಲಮ್ಮನ ಮುಂದೆ ಕೂತು ಎರಡೂ ತೋಳುಗಳನ್ನು ಅವಳ ಮೊಣಕಾಲುಗಳ ಮೇಲೆ ಹಾಸಿದಳು. "ಒಯ್ಯಾಕ ಒಪ್ಪೇವಿ. ಮುರಿಯಾಕ ಒಪ್ಪಿಲ್ಲ. ಕಟಗಿ ಮುರಿದ್ಹಂಗ ಈಕಿ ಕಾಲು ಜಗ್ಗಾಕ ನಾ ಬಿಡೂದಿಲ್ಲ."

ಹರ್ಷದಾ ಏನೋ ಹೇಳಹೊರಟಳು. ಮಲ್ಲು ಕೈ ಸನ್ನೆಯಿಂದ ತಡೆದು ಅಂಬುಬಾಯಿಯ ಪಕ್ಕದಲ್ಲಿ ಕೂತ.

"ಜಗ್ಗೂದು ಬ್ಯಾಡ್ರಿ ಅಮ್ಮ. ಇದಕ್ಕ ರಿಗರ್ ಮಾರ್ಟಿಸ್ ಅಂತಾರ. ಮೇಡಂ ಅವರ ಕಲಿಸಿದ್ದು. ಸತ್ತ ಪ್ರಾಣಿ ಮೈ ಸೆಟೀತೈತಿ, ಒಂದೆರಡು ದಿನದಾಗ ತಾನ ಸಡಿಲ ಆಗ್ತೈತಿ. ಅಲ್ಲೀತನಕ ಕುಂತಿರ್ಲಿ. ಕುಂತ ಬರ್ಲಿ."

ಅಂಬುಬಾಯಿ ತೋಳು ತೆಗೆಯಲಿಲ್ಲ. "ಅಲ್ಲಿ ಏನ ಮಾಡ್ತೀರಿ? ಖರೇ ಹೇಳು."

"ಮೊದಲು ಎಲ್ಲಾರೂ ಕೈ ಮುಗೀತಾರ್ರಿ. ಆಮೇಲೆ ಕಲೀತಾರ. ಕೊಯ್ತೀವಿ, ಸುಳ್ಳ ಹೇಳೂದಿಲ್ಲ. ಒಂದೊಂದು ಭಾಗ ಮುಟ್ಟಿ, ಹೆಸರು ಹೇಳಿ ಕಲೀತಾರ."

"ಹುಡಿಗ್ಯಾರೂ ಇರ್ತಾರೇನು?"

"ಅರ್ಧಕ್ಕಿಂತ ಹೆಚ್ಚು ಹುಡಿಗ್ಯಾರ ಇದ್ದಾರ್ರಿ."

"ಯೂಟರಸ್ ಎಲ್ಲೈತಿ, ಓವರಿ ಎಲ್ಲೈತಿ, ಅದನ್ನೂ ತೋರಸ್ತೀರೇನು?"

ಅಕ್ಷರ ಬಾರದ, ಬಸ್ಸಿನ ಬೋರ್ಡು ಓದಲೂ ಇನ್ನೊಬ್ಬರನ್ನು ಕೇಳುವ ಅಂಬುಬಾಯಿಯ ಬಾಯಿಂದ ಆ ಶಬ್ದಗಳು ತಪ್ಪಿಲ್ಲದೆ ಬಂದವು.

*

ಹರ್ಷದಾ ಆಗಿನ್ನೂ ಶಾಲೆಗೆ ಹೋಗುತ್ತಿದ್ದಳು. ಅಂಬುಬಾಯಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಗಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಡಾಕ್ಟರಮ್ಮ ಮತ್ತು ನರ್ಸುಗಳು ಅವಳ ಮಂಚದ ಮೇಲೆ ಬಗ್ಗಿ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ತನ್ನ ಮೈಯ ಬಗ್ಗೆಯೇ ಮಾತು, ತನಗೇ ತಿಳಿಯದು. ಅವಳು ಮನೆಗೆ ಬಂದು ಅಡಿಗೆಮನೆಯ ಕತ್ತಲಲ್ಲಿ ಕೂತು, "ಸಂತ್ಯಾಗಿನ ಎಮ್ಮಿ ಆಗೀನಿ ಸುಗಲಾ. ಹಲ್ಲು ನೋಡ್ತಾರ, ರೇಟು ಮಾತಾಡ್ತಾರ, ಎಮ್ಮೀಗೇನ ತಿಳೀತೈತಿ?" ಎಂದು ಅತ್ತಳು. ಅವಳು ಅತ್ತದ್ದನ್ನು ಸುಗಲಮ್ಮ ಕಂಡದ್ದು ಆಗಲೇ ಮೊದಲು.

ಸುಗಲಮ್ಮ ಬಾಗಿಲು ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತಳು. ಅಂಬುಬಾಯಿಯ ಕೈಯನ್ನು ಅವಳದೇ ಕಿಬ್ಬೊಟ್ಟೆಯ ಮೇಲೆ ಇಟ್ಟಳು.

"ಇಲ್ಲಿ ಯೂಟರಸ್. ಕೂಸು ಬೆಳಿಯೂ ಚೀಲ. ಅದರ ಆಚಿಕಡೆ ಒಂದು, ಈಚಿಕಡೆ ಒಂದು ಓವರಿ. ಎಮ್ಮೀಗೂ ಅದಾವ, ನನಗೂ ಅದಾವ, ಆ ಡಾಕ್ಟರಮ್ಮಗೂ ಅದಾವ. ಅನ್ರಿ ಅಕ್ಕಾರ. ಮುಟ್ಟಿ ಅನ್ರಿ."

ಅಂಬುಬಾಯಿ ನಾಚಿದಳು, ಬೈದಳು, ಆಮೇಲೆ ಅಂದಳು. ಮರುದಿನ ಡಾಕ್ಟರಮ್ಮನ ಕೈ ಹಿಡಿದು, "ಯೂಟರಸ್ ತಗೀತೀರಿ ಅದ ತಿಳೀತು. ಓವರಿ ಯಾಕ ತಗೀತೀರಿ ಹೇಳ್ರಿ," ಎಂದು ಕೇಳಿದಳು. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತು, ಹಾಳೆಯ ಮೇಲೆ ಚಿತ್ರ ಬರೆದು, ಒಂದೊಂದಾಗಿ ಬಿಡಿಸಿ ಹೇಳಿದರು. ಅಂಬುಬಾಯಿ ಎಲ್ಲವನ್ನೂ ಕೇಳಿ, ಸರಿ, ತೆಗೆಯಿರಿ ಎಂದು ತಾನೇ ಒಪ್ಪಿಗೆ ಕೊಟ್ಟಳು.

ಮನೆಗೆ ಬಂದ ಮೇಲೆ ಆ ವಿಷಯ ಇಬ್ಬರೂ ಯಾರಿಗೂ ಹೇಳಲಿಲ್ಲ.

*

"ತೋರಸ್ತೀವ್ರಿ ಅಮ್ಮ," ಎಂದ ಮಲ್ಲು. "ಅದನ್ನೂ ತೋರಸ್ತೀವಿ."

ಅಂಬುಬಾಯಿ ನಿಧಾನವಾಗಿ ತೋಳು ತೆಗೆದಳು. ಸುಗಲಮ್ಮನ ಕೊರಳಿನ ಶಿವದಾರಕ್ಕೆ ಕೈ ಹಾಕಿ, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಬಿಚ್ಚಿಕೊಂಡಳು. ಅಯ್ಯನವರು ಬಿಲ್ವಪತ್ರಿ ಬಿಟ್ಟು ನೋಡಿದರು.

"ಅಯ್ಯನವ್ರ, ಮುಂಜಾನೆ ಕೇಳಿದ್ನಲ್ಲ, ಲಿಂಗ ಯಾರ ಕೈಯಾಗ ಅಂತ. ನನ್ನ ಕೈಯಾಗ. ನಂದು ಸರದಿ ಬಂದಾಗ ನನ್ನ ಎಡಗೈಯಾಗ ನಂದು, ಬಲಗೈಯಾಗ ಈಕೀದು ಇಟ್ಟು ಮಣ್ಣು ಮಾಡ್ರಿ. ಮೈ ಕಾಲೇಜಿಗೆ ಹೋಗ್ಲಿ, ಲಿಂಗ ನನ್ನ ಜೋಡಿ ಹೋಗ್ತೈತಿ. ತಪ್ಪೈತೇನು?"

"ಇಂಥಾದ್ದು ನಾ ಕೇಳಿಲ್ಲವ್ವ," ಎಂದರು ಅಯ್ಯನವರು. "ಆದ್ರ ತಪ್ಪು ಅನ್ನಾಕ ನನಗ ಬಾಯಿ ಬರವಲ್ದು."

"ಹಂಗಾದ್ರ ಮಂತ್ರ ಹೇಳ್ರಿ. ಹೊತ್ತಾಗಾಕತ್ತೈತಿ."

ಹರ್ಷದಾ ಅತ್ತೆಯನ್ನು ತಬ್ಬಿಕೊಂಡು ಅತ್ತಳು. ಬೆಳಗಿನಿಂದ ತಡೆದದ್ದೆಲ್ಲ ಒಮ್ಮೆಲೇ ಬಂತು. ಅಂಬುಬಾಯಿ ಅವಳ ಬೆನ್ನು ಸವರುತ್ತ, "ಅಳೂದು ಆಮ್ಯಾಲೆ. ಮೊದಲು ಆ ಕುರ್ಚಿ ಒಳಗ ತರಸು," ಎಂದಳು.

ಮಣ್ಣಿಗೆಂದು ಕಟ್ಟಿದ ಕುರ್ಚಿಯಲ್ಲೇ ಸುಗಲಮ್ಮನನ್ನು ಕೂಡಿಸಿದರು. ಬಿದಿರು ಬಿಚ್ಚಿದರು, ಹೂವು ಉಳಿಸಿಕೊಂಡರು. ವ್ಯಾನಿನಲ್ಲಿ ಸ್ಟ್ರೆಚರ್ ಇಡುವ ಜಾಗಕ್ಕೆ ಕುರ್ಚಿ ಏರಿತು. ಬಸವರಾಜ ಕುರ್ಚಿಯ ಒಂದು ತೋಳು ಹಿಡಿದ, ಹರ್ಷದಾ ಇನ್ನೊಂದು. ಅಂಬುಬಾಯಿ ಎದುರಿಗೆ ಕೂತು ಮೊಣಕಾಲು ಒತ್ತಿ ಹಿಡಿದಳು. ವ್ಯಾನು ಓಣಿ ದಾಟಿ ಸ್ಟೇಷನ್ ರಸ್ತೆಗೆ ತಿರುಗಿದಾಗ ಯಾವುದೋ ಗಾಡಿ ಶಿಳ್ಳೆ ಹಾಕಿತು. ಬಸವರಾಜ ಹೆಂಡತಿಯ ಸೆರಗು ಸರಿಮಾಡಿದ.

ಕಾಲೇಜಿನ ಹಾಲಿನಲ್ಲಿ ಮೊದಲ ವರ್ಷದವರು ಬಿಳಿಯ ಕೋಟು ತೊಟ್ಟು ಕಾದಿದ್ದರು. ಮಲಗಿದ ದೇಹಕ್ಕೆ ಕೈಮುಗಿಯಬೇಕೆಂದು ಅವರಿಗೆ ಹೇಳಿಕೊಡಲಾಗಿತ್ತು. ಕುರ್ಚಿಯಲ್ಲಿ ಕೂತು ಒಳಗೆ ಬಂದ ಹೆಂಗಸನ್ನು ಕಂಡು, ಗೋಡೆಗೆ ಒರಗಿದ್ದವರೆಲ್ಲ ಯಾರೂ ಹೇಳದೆಯೇ ನೆಟ್ಟಗೆ ನಿಂತರು. ಕುರ್ಚಿಯನ್ನು ಅವರೆದುರು ಇಳಿಸಿದರು. ಮಲ್ಲು ಏನೋ ಹೇಳಬೇಕೆಂದು ಮುಂದೆ ನಿಂತ. ಹೇಳದೆ, ತಲೆ ತಗ್ಗಿಸಿ ಕುರ್ಚಿಯ ಹೂವು ಸರಿಮಾಡತೊಡಗಿದ.

ಅಂಬುಬಾಯಿ ಕುರ್ಚಿಯ ಪಕ್ಕದಲ್ಲಿ ಕರಡಿಗೆಯನ್ನು ಎದೆಗೊತ್ತಿ ನಿಂತಿದ್ದಳು. ಮುಂದಿನ ಸಾಲಿನಲ್ಲಿ ಎತ್ತರದ ಹುಡುಗರು. ಅವರ ಹೆಗಲುಗಳ ಸಂದಿಯಿಂದ, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದುಕೊಂಡ ಒಬ್ಬ ಹುಡುಗಿ ತುದಿಗಾಲಲ್ಲಿ ನಿಂತು ಇಣುಕುತ್ತಿದ್ದಳು. ಅವಳ ಹಿಂದೆ ಇನ್ನೂ ಕೆಲವರು ಅವಳಂಥವರೇ.

"ಹಿಂದಿನವರು ಮುಂದ ಬರ್ರಿ," ಎಂದಳು ಅಂಬುಬಾಯಿ.

ಮಲ್ಲು ತಟ್ಟನೆ ತಲೆ ಎತ್ತಿದ. ಹುಡುಗರಿಗೆ ಮಾತು ತಿಳಿಯಲಿಲ್ಲ. ಅವಳ ಕೈ ಕರೆದದ್ದು ತಿಳಿಯಿತು. ಎತ್ತರದವರು ಬದಿಗೆ ಸರಿದು ದಾರಿ ಬಿಟ್ಟರು. ಜಡೆಯ ಹುಡುಗಿ ಬಂದು ಕುರ್ಚಿಯ ಮುಂದೆ ನಿಂತಳು, ಉಳಿದವರೂ ಒಬ್ಬೊಬ್ಬರಾಗಿ ಬಂದು ಅವಳ ಸುತ್ತ ನಿಂತರು. ಸುಗಲಮ್ಮನ ಮೊಣಕಾಲ ಮೇಲಿಂದ ಒಂದು ಹೂವು ಜಾರಿ ಬಿತ್ತು. ಹುಡುಗಿ ಬಗ್ಗಿ ಅದನ್ನು ಎತ್ತಿ ಮತ್ತೆ ಅಲ್ಲಿಯೇ ಇಟ್ಟಳು. ಬೆರಳಿಗೆ ತಣ್ಣನೆಯ ಕೈ ತಾಗಿದಾಗ ಒಮ್ಮೆ ಬೆಚ್ಚಿದಳು. ಆಮೇಲೆ ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ ಅದರ ಮೇಲೆ ಹಾಗೆಯೇ ಇಟ್ಟುಕೊಂಡು ನಿಂತಳು.